ಟೈಮಿಂಗ್

ಒಂಬತ್ತೂವರೆಗೆ ಲಾಸ್ಟ್ ಟ್ರಿಪ್ಪು ಮುಗಿಸಿ
ಕಲೆಕ್ಷನ್ ಧಣಿಗೆ ಒಪ್ಪಿಸಿ
ಗಂಜಿಗೆ ಉಪ್ಪಿನಕಾಯಿ ನೆಕ್ಕಿ
ಟಿವಿ ಎದುರು ಚಾಪೆ ಹಾಸುತ್ತೇನೆ.
ನಲವತ್ತೊಂದು ವರ್ಷ. ಕೈಯಲ್ಲಿ
ಇಫಾಝನ ಅಂಗಡಿಯಿಂದ ಕಂತಿಗೆ ತಂದ ಕಂಟ್ರೋಲರು,
ಎಡಗಡೆಯ ಕೋಲು ಸ್ವಲ್ಪ ಸಡಿಲ
ನನ್ನ ದವಡೆ ಹಲ್ಲಿನ ಹಾಗೆ.

ಮೊದಲ ವಾರ ಎಲ್ಲ ಗುಂಡಿ ಒಟ್ಟಿಗೇ ಒತ್ತಿದೆ,
ಫುಟ್‌ಬೋರ್ಡಿನಲ್ಲಿ ಚಿಲ್ಲರೆ ಚೆಲ್ಲಿದ ಹಾಗೆ.
ನನ್ನವಳು ಕೆಂಪು ಜಡೆಯ ಹೆಂಗಸು,
ಅವಳ ಹೆಸರು ನನ್ನ ನಾಲಗೆಗೆ ಹೊರಳುವುದಿಲ್ಲ,
ಗಿರಿಜಕ್ಕ ಅಂತ ಕರೆಯುತ್ತೇನೆ.
ಹಾರಿದಳು. ಹಾರಿದಳು.
ಹಾರಿದಲ್ಲೇ ಏಟು ತಿಂದು ಬಿದ್ದಳು.
ಹನ್ನೊಂದು ಸೆಕೆಂಡು. ಒಮ್ಮೆ ಒಂಬತ್ತು.
ಬಲ್ಮಠದ ಸಿಗ್ನಲು ಕೂಡ
ಮನುಷ್ಯನಿಗೆ ಇದಕ್ಕಿಂತ ಹೆಚ್ಚು ಮರ್ಯಾದೆ ಕೊಡುತ್ತದೆ.

‘ಸೆಕೆಂಡಿಗೆ ಅರವತ್ತು ಚಿತ್ರ ಅಣ್ಣ,
ಅವನ ಏಟು ತಪ್ಪಿದರೆ ನಿಮಗೆ ಸಿಗುವುದು ಹತ್ತು’
ಅಂದ ಇಫಾಝ್.
ಹತ್ತು ಅಂದರೆ ಎಷ್ಟು ಮಾರಾಯ?
‘ನೀವು ಎಂತ ಅಂತ ಕೇಳುವಷ್ಟರಲ್ಲಿ ಮುಗಿದಿರುತ್ತದೆ.’

ಎರಡು ನಿಮಿಷದ ಟೈಮಿಂಗಿಗೆ
ಹಂಪನಕಟ್ಟೆಯ ನಡು ರಸ್ತೆಯಲ್ಲಿ
ಹಿಂದಿನ ಬಸ್ಸಿನವನ ಕಾಲರು ಹಿಡಿದವನು ನಾನು,
ಅಂಗಿಯ ಎರಡು ಗುಂಡಿ ಕೊಟ್ಟು ಬಂದವನು.
ಈಗ ಲೆಕ್ಕ ಹಾಕುತ್ತೇನೆ:
ಏಳು ಸಾವಿರದ ಇನ್ನೂರು ಚಿತ್ರ.
ಅಷ್ಟರಲ್ಲಿ ಗಿರಿಜಕ್ಕ
ಹನ್ನೆರಡು ಸಲ ಸಾಯಬಹುದು.

‘ಹೊಡೆಯುವುದು ಆಮೇಲೆ. ಮೊದಲು
ಹಿಂದಕ್ಕೆ ಒತ್ತಿ ಹಿಡಿಯಿರಿ, ಅದೇ ತಡೆ.’
ಹಿಂದಕ್ಕೆ!
ಹತ್ತೊಂಬತ್ತು ವರ್ಷದಿಂದ ಊರಿಗೆಲ್ಲ
ನಾನು ಹೇಳಿದ್ದು ಅದೊಂದೇ:
ಪಿರ ಪೋಲೆ, ಪಿರ ಪೋಲೆ, ಹಿಂದೆ ಜಾಗ ಉಂಟು.
ಗರ್ಭಿಣಿಯರಿಗೆ, ಮೀನಿನ ಬುಟ್ಟಿಗೆ, ಕಾಲೇಜು ಹುಡುಗರಿಗೆ.
ನಾನು ಮಾತ್ರ ಬಾಗಿಲಲ್ಲೇ ಜೋತು ನಿಂತವನು.

ಒಂದು ರಾತ್ರಿ ಸಿಕ್ಕಿತೊಂದು ಹೆಸರು, ಬರೀ ಮೂರು ಚುಕ್ಕಿ.
ಗಂಡೋ ಹೆಣ್ಣೋ, ಯಾವ ಊರೋ,
ಅಲ್ಲಿ ಹಗಲೋ.
ಕೆಳಗಿನಿಂದ ಒಂದೇ ಒದೆ, ಗಿರಿಜಕ್ಕ ನೆಲಕ್ಕೆ.
ಅದೇ ಒದೆ. ಮತ್ತೆ ಅದೇ.
ಹನ್ನೆರಡು ಆಟ ಹೋಯಿತು.
ಹದಿಮೂರನೆಯದರಲ್ಲಿ ಚುಕ್ಕಿ ನಿಂತುಬಿಟ್ಟಿತು.
ಎರಡು ಸಲ ಕುಳಿತಿತು, ಎದ್ದಿತು.
ಅದು ಅಣಕ ಅಂತ ಇಫಾಝ್ ಮೊದಲೇ ಹೇಳಿದ್ದ;
ಕಿವಿ ಬಿಸಿಯಾಯಿತು.
ಆದರೆ ಅದು ದೂರ ಸರಿದು, ಬಂದು,
ಒದೆಯಿತು. ಕಾಯಿತು.
ಪುನಃ ಬಂದು ಒದೆಯಿತು. ಕಾಯಿತು.
ಮಗುವಿಗೆ ತುತ್ತು ತೋರಿಸಿದ ಹಾಗೆ.
ನಾಲ್ಕನೆಯ ಸಲ ನಾನು ಕುಳಿತೆ, ಹಿಂದಕ್ಕೊತ್ತಿದೆ.
ಟಕ್.
ಗೆರಟೆಗೆ ಗೆರಟೆ ತಾಗಿದಷ್ಟೇ ಸದ್ದು.
ಚುಕ್ಕಿ ಕುಳಿತು ಎದ್ದಿತು, ಎರಡು ಸಲ.
ನಾನೂ.
ಆಮೇಲೆ ಹದಿನೆಂಟು ಸೆಕೆಂಡಿನಲ್ಲಿ
ಮರ್ಯಾದೆಯಾಗಿ ನನ್ನನ್ನು ಮುಗಿಸಿತು.

ಹದಿನೈದನೆಯ ಆಟ. ಅದರ ಜೀವ
ಉಗುರಿನಷ್ಟು ಉಳಿದಿತ್ತು, ದೇವರಾಣೆ,
ಕಿರುಬೆರಳ ಉಗುರು.
ಕರೆಂಟು ಹೋಯಿತು.

ಬೋಳಾರಕ್ಕೆ ಬೋಳಾರವೇ ಕಪ್ಪು.
ಫ್ಯಾನು ನಾಲ್ಕು ಸುತ್ತು ಹೆಚ್ಚಿಗೆ ತಿರುಗಿ ನಿಂತಿತು.
ಒಳಗಿನಿಂದ ಸುಗಂಧಿ:
‘ಸೋತಿರಾ?’
ಗೊತ್ತಿಲ್ಲ.
‘ಮತ್ತೆ ಎಂತ ಒತ್ತುತ್ತಾ ಇದ್ದೀರಿ?’
ನೋಡಿದರೆ ಹೆಬ್ಬೆರಳು ಇನ್ನೂ ಹಿಂದಕ್ಕೇ ಇತ್ತು.

ಮೂರು ಚುಕ್ಕಿ ಮತ್ತೆ ಸಿಕ್ಕಲಿಲ್ಲ.

ಇವತ್ತು ಕಂಕನಾಡಿಯಲ್ಲಿ
ಹಿಂದಿನ ಬಸ್ಸಿನ ಪುರಂದರ ಇಳಿದು ಬಂದ,
ಎರಡು ನಿಮಿಷ ತಿಂದೆಯಂತೆ, ನನ್ನ ಅಪ್ಪನಿಂದ ಶುರು ಮಾಡಿದ.
ಜೋಕಿಂ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದ,
ಇಂಜಿನ್ನು ಗುರುಗುರು.
ಟಿಕೇಟು ಮಿಶಿನಿನ ಮೇಲೆ ಎಡ ಹೆಬ್ಬೆರಳು
ತಾನಾಗಿ ಹಿಂದೆ ಸರಿಯಿತು.
ಬೈಯಲಿ. ಅಪ್ಪ, ಅಜ್ಜ, ಧಣಿ, ಪೂರ್ತಿ ಬೈಯಲಿ.
ಉಸಿರು ತೆಗೆಯಲು ಅವನು ಬಾಯಿ ಮುಚ್ಚಿದ
ಆ ಹತ್ತು ಚಿತ್ರದೊಳಗೆ
ವಿಶಲು ಊದಿದೆ:

ರೈಟ್ ಪೋಯಿ.