ಹೆಪ್ಪು ಹಾಕದ ಪೀಪಾಯಿ

ಜೀಲಾಂಗಿನ ಬೆಲ್ ಪಾರ್ಕಿನಲ್ಲಿ ಮೇ ತಿಂಗಳೆಂದರೆ
ಬಟ್ಟೆ ಒಣಗದ ಕಾಲ.
ಮೊಣಕಾಲಿನ ಆಪರೇಷನ್ನಿಗೆ ಹೊರಟ ನೆವೆಂಕಾ
ಶೆಡ್ಡಿನ ಬೀಗದ ಕೈ ನನ್ನ ಅಂಗೈಯಲ್ಲಿಟ್ಟಳು:
‘ಬೆಕ್ಕು ತನ್ನನ್ನು ತಾನು ನೋಡಿಕೊಳ್ಳುತ್ತೆ.
ಪೀಪಾಯಿ ನೋಡಿಕೋ.’

ನೀಲಿ ಪ್ಲಾಸ್ಟಿಕ್ಕಿನದು, ಅರವತ್ತು ಲೀಟರು.
ಹದಿನಾಲ್ಕು ಇಡೀ ಕೋಸು, ದಂಟು ಕೊರೆದ ಗುಳಿಗಳಲ್ಲಿ ಉಪ್ಪು,
ಸಂದಿಗೆ ತುರುಕಿದ ಸಣ್ಣ ಹೆಚ್ಚು,
ಮೇಲೆ ಬಾರ್ವನ್ ಹೊಳೆಯ ಕಲ್ಲು, ರುಬ್ಬುಗುಂಡಿನಷ್ಟು.
ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ಈ ಕೋಸು ಉಪ್ಪು ತಿಂದು
ಒಳಗಿದ್ದ ನೀರನ್ನೂ ಕೊಟ್ಟುಬಿಟ್ಟಿತು, ರಾತ್ರಿಯಿಡೀ.
ಬೆಳಿಗ್ಗೆ ಕಲ್ಲು ಮುಳುಗಿತ್ತು.

‘ಹೆಪ್ಪು?’ ಎಂದು ಕೇಳಿದ್ದೆ, ಅವಳು ತುಂಬುವಾಗ.
ಮೊಸರು, ನಿನ್ನೆ, ಚಮಚ ಎಂದೆಲ್ಲ ಕೈಸನ್ನೆ ಮಾಡಿ.
‘ಯಾರೂ ಹಾಕುವುದಿಲ್ಲ. ಎಲೆಯಲ್ಲೇ ಇರುತ್ತಾರೆ.’
ಅವಳ ಇಂಗ್ಲಿಷಿನಲ್ಲಿ
ಇರುತ್ತಾರೆಯೋ ಇರುತ್ತವೆಯೋ ತಿಳಿಯುವಂತಿರಲಿಲ್ಲ.
ನಾನು ಇರುತ್ತಾರೆ ಎಂದೇ ಕೇಳಿಸಿಕೊಂಡೆ.

ನನ್ನ ಕೆಲಸ ಇದರ ತದ್ವಿರುದ್ಧ.
ಹಾಲಿನ ಕಾರ್ಖಾನೆಯ ರಾತ್ರಿ ಪಾಳಿ,
ನಲ್ಲಿಯ ಬಾಯಿ, ಪೈಪಿನ ಮೊಣಕೈ ಹತ್ತಿಯಲ್ಲಿ ಒರೆಸಿ
ತಟ್ಟೆಯಲ್ಲಿ ಏನೂ ಬೆಳೆಯದಿದ್ದರೆ
ಸೊನ್ನೆ ಬರೆದು ಸಹಿ ಹಾಕುವುದು.
ಹನ್ನೊಂದು ವರ್ಷ ಸೊನ್ನೆಗಳಿಗೆ ಸಂಬಳ.
ಅದಕ್ಕೇ ಇರಬೇಕು,
ಪೀಪಾಯಿಯ ಹನಿಯೊಂದನ್ನು ದಿನಾ ಕದ್ದು ಒಯ್ದೆ.

ಎರಡನೇ ದಿನ, ಮಣ್ಣಿನ ಮಂದಿ.
ಗದ್ದಲದವರು, ಕಂಡದ್ದೆಲ್ಲ ಉಣ್ಣುವವರು,
ಇದ್ದಷ್ಟು ಗಾಳಿ ಉಸಿರಾಡಿ ಮುಗಿಸಿದರು.
ಗಾಳಿ ತೀರಿತು. ಅವರೂ.

ನಾಲ್ಕನೇ ದಿನ ಶೆಡ್ಡು ಬುಸುಗುಟ್ಟಿತು.
ನೊರೆ ಕಲ್ಲು ಹತ್ತಿ, ಅಂಚು ದಾಟಿ, ನೆಲಕ್ಕೆ.
ಸೂಕ್ಷ್ಮದರ್ಶಕದ ಕೆಳಗೆ ದುಂಡು ದುಂಡು ಜೋಡಿಗಳು,
ಗುಂಡಿನ ಸರದಂತೆ ತಮ್ಮನ್ನೇ ಪೋಣಿಸಿಕೊಂಡ ಲ್ಯುಕೊನೊಸ್ಟಾಕ್.
ಪರಿಚಯದವರೇ!
ಹುಬ್ಬಳ್ಳಿಯಲ್ಲಿ ಅಮ್ಮನ ಇಡ್ಲಿ ಹಿಟ್ಟಿನ
ಮುಚ್ಚಳ ಎತ್ತಿ ಕಟ್ಟೆಗೆ ಹರಿಯುತ್ತಿದ್ದ ಅದೇ ಕುಲ.
ಪರಸ್ಥಳದಲ್ಲಿ ಓಣಿಯವರು ಸಿಕ್ಕಂತೆ ನಕ್ಕೆ,
ಒಬ್ಬಳೇ, ನಸುಕಿನ ಮೂರು ಗಂಟೆಗೆ.

ಹಿಟ್ಟಾದರೆ ಬೆಳಿಗ್ಗೆ ಬೇಯುತ್ತದೆ, ಕತೆ ಹಬೆಯಲ್ಲಿ ಮುಗಿಯುತ್ತದೆ.
ಪೀಪಾಯಿಗೆ ಒಲೆಯಿಲ್ಲ.
ಅವರು ತಿಂದ ಸಿಹಿ ಹುಳಿಯಾಗಿ
ನೀರಿಗಿಳಿಯಿತು. ನೀರೇ ಅವರ ಮನೆ.
ಎಂಟನೇ ದಿನಕ್ಕೆ ಸರ ಹರಿದ ಮಣಿಗಳು.
ಒಂಬತ್ತಕ್ಕೆ ಕಡ್ಡಿಯಂಥವರು ಬಂದಿದ್ದರು.
ಬಂದಿದ್ದರು ಅನ್ನುವುದು ತಪ್ಪು,
ಮೊದಲ ದಿನದಿಂದ ಇದ್ದವರೇ, ಸಾವಿರಕ್ಕೊಬ್ಬರಂತೆ,
ಎಲೆಯ ಮಡಿಕೆಯಲ್ಲಿ, ಇಷ್ಟು ಹುಳಿಯಾಗಲೆಂದು ಕಾಯುತ್ತ.
ಕಾಯುತ್ತ ಅನ್ನುವುದೂ ತಪ್ಪು.
ಇದ್ದರು, ಅಷ್ಟೆ.

ಹದಿನೇಳನೇ ದಿನ ಗುಳ್ಳೆ ನಿಂತಿತು.
ಅಕ್ಕಿ ತೊಳೆದ ನೀರಿನಂತೆ ಮಸುಕು, ಅಲುಗದೆ.
ಕೊಂದೆ ಅಂದುಕೊಂಡೆ. ಕೊಲ್ಲುವುದೇ ಪಳಗಿದ ಕೈ.
ಆಸ್ಪತ್ರೆಗೆ ಫೋನು ಹಚ್ಚಿದೆ.
‘ವಾಸನೆ?’
‘ಚೂಪು.’
‘ಕಲ್ಲು?’
‘ನೀರೊಳಗೇ ಇದೆ.’
‘ಈಗ ಮಾತಾಡದವರ ಪಾಳಿ. ಮುಚ್ಚು.’

ನನಗೆ ಹುಮ್ಮಸ್ಸು ಬಂತು.
ಈ ಬೀದಿಯೂ ಹಾಗೇ ಅಲ್ಲವೇ ನೆವೆಂಕಾ,
ಮೊದಲು ಯಾರೋ, ಆಮೇಲೆ ನಿಮ್ಮವರು, ಈಗ ನಾವು,
ಒಬ್ಬರು ಹದ ಮಾಡಿ ಬಿಟ್ಟ ಮನೆಯಲ್ಲಿ ಇನ್ನೊಬ್ಬರು...
‘ನಾನಿನ್ನೂ ಬಿಟ್ಟಿಲ್ಲ’ ಎಂದು ಫೋನಿಟ್ಟಳು.

ಜೂನಿನಲ್ಲಿ ಬಂದಳು.
ಊರುಗೋಲಿನಿಂದ ಪೀಪಾಯಿಗೆ ಒಂದು ತಟ್ಟು,
ಮೊಣಕೈತನಕ ಕೈ ಇಳಿಸಿ, ಒಂದು ಕೋಸು ಎತ್ತಿ
ಒದ್ದೆ ಬಟ್ಟೆ ಬಿಡಿಸಿದಂತೆ ಎಲೆ ಬಿಡಿಸಿ ಕೊಟ್ಟಳು.
ಹಲ್ಲು ಜುಮ್ಮೆಂದಿತು. ಕಿವಿಯ ಹಿಂದೆಯೂ.
ಇನ್ನೊಂದು ಕೇಳಿದೆ.

ಪಾಳಿಗೆ ಮುಂಚೆ ಮೂರು ಸಲ ಕೈ ತೊಳೆದೆ.
ತಟ್ಟೆಗಳು ಖಾಲಿ ಇದ್ದವು, ಸೊನ್ನೆ ಬರೆದೆ,
ಸಹಿ ಹಾಕಿದೆ,
ಪೆನ್ನು ಹಿಡಿದ ಬೆರಳು ಮೂಸುತ್ತ.