ಬೀಸಣಿಗೆ ಹಿಡಿದವಳು

ರೆಸೀಫೆಯ ಬೋವಾ ವಿಸ್ತಾ, ಔಷಧಿ ಅಂಗಡಿಯ ಮೇಲಿನ ಮಹಡಿ.
ಡಾಕ್ಟರ್ ಒಂದೀನಾ ಹಚ್ಚುತ್ತಾರೆ, ನಾನು ಗಾಳಿ ಹಾಕುತ್ತೇನೆ,
ಗಾಳಿ ಹಾಕುತ್ತ ಸೆಕೆಂಡು ಎಣಿಸುತ್ತೇನೆ.
ಹನ್ನೊಂದು ವರ್ಷದಿಂದ ನನ್ನ ಅನ್ನ ಇದೇ ಎಣಿಕೆ.

ಜೂನ್ ಮೊದಲ ವಾರ ಬಂದಳು ದಾಲ್ವನೀರಾ,
ಬಸ್ ಸ್ಟಾಪಿನಲ್ಲಿ ಕಬ್ಬಿನ ಹಾಲು ಮಾರುವವಳು.
ಕೈಯಲ್ಲಿ ಫೋನು, ಫೋನಿನಲ್ಲಿ ಒಬ್ಬಳ ಮುಖ,
ಬೇಯಿಸಿ ಸುಲಿದ ಮೊಟ್ಟೆಯಂಥ ಮುಖ.
"ಇವಳಿಗೆ ಮಾಡಿದ್ದೇ ನನಗೂ ಮಾಡಿ. ಇರುವುದರಲ್ಲೇ ಖಾರದ್ದು.
ಸಾಂವ್ ಜುವಾಂವ್ ಹಬ್ಬದ ರಾತ್ರಿ ಮಗನ ಮದುವೆ,
ಬೆಂಕಿಯ ಸುತ್ತ ಕುಣಿಯುವಾಗ ಇದು ಇರಬಾರದು."

ಇದು ಎಂದರೆ ಭಂಗು.
ಮೂರನೇ ಬಸಿರಲ್ಲಿ ಬಂದದ್ದು. ಕೂಸು ಬಂತು,
ಕೂಸಿಗೆ ಮೀಸೆ ಬಂತು, ಆ ಕೂಸೇ ಈಗ ಮದುಮಗ,
ಭಂಗು ಮಾತ್ರ ಹೊರಡಲಿಲ್ಲ.
ನಮ್ಮ ಮಾತಿನಲ್ಲಿ ಅದಕ್ಕೆ ಪಾನು. ಪಾನು ಅಂದರೆ ಬಟ್ಟೆ:
ಎರಡೂ ಕೆನ್ನೆಗೆ ಯಾರೋ ಒದ್ದೆ ಬಟ್ಟೆ
ಒಣಹಾಕಿ ಮರೆತುಹೋದ ಹಾಗೆ.

ಡಾಕ್ಟರ್ ದೀಪ ಹತ್ತಿರ ತಂದು ನೋಡಿದರು. ಅವಸರ ಗೊತ್ತಿಲ್ಲದ ಹೆಂಗಸು.
"ಈರುಳ್ಳಿ ಬಿಡಿಸುತ್ತೀಯಲ್ಲ? ಮೇಲಿನ ಗರಿಗರಿ ಸಿಪ್ಪೆ ತೆಗೆಯುವುದೊಂದು.
ಅದರಡಿಯ ಪದರ ತೆಗೆಯುವುದೊಂದು.
ಕಣ್ಣೀರು ಬರುವವರೆಗೆ ಇಳಿಯುವುದು ಇನ್ನೊಂದು.
ಫೋನಿನವಳದ್ದು ಆ ಕೊನೆಯದು, ಫೀನಾಲ್.
ಅದಕ್ಕೆ ಎದೆಬಡಿತ ಕಾಯುವ ಯಂತ್ರ ಬೇಕು,
ತಿಂಗಳುಗಟ್ಟಲೆ ಬಿಸಿಲು ಮುಟ್ಟದ ಮನೆ ಬೇಕು,
ಅವಳ ಬಿಳಿ ತೊಗಲೂ ಬೇಕು.
ನಿನ್ನದು ನೆನಪಿಟ್ಟುಕೊಳ್ಳುವ ಬಣ್ಣ, ದಾಲ್ವನೀರಾ.
ಜೋರಾಗಿ ಸುಟ್ಟರೆ
ಸುಟ್ಟ ಜಾಗ ಇನ್ನೂ ಕಪ್ಪಾಗಿ ಜವಾಬು ಕೊಡುತ್ತದೆ."

ಸೀಸೆಗಳನ್ನು ಸಾಲಾಗಿ ಇಟ್ಟರು. ಒಂದು ಹುಳಿ ಹಾಲಿನ ನೆಂಟ,
ಒಂದು ಕಹಿ ಬಾದಾಮಿಯ ಮೂಲದ್ದು.
"ಇದು?"
"ಗ್ಲೈಕಾಲಿಕ್. ಕಬ್ಬಿನಲ್ಲಿ ಇರುವಂಥದು."

ಅವಳು ನಕ್ಕ ನಗೆಗೆ ನನ್ನ ಬೀಸಣಿಗೆ ನಿಂತಿತು.
"ಅಪ್ಪ ಮೂವತ್ತು ವರ್ಷ ಕಬ್ಬು ಕಡಿದ.
ಕಡಿಯುವ ಮುನ್ನ ಗದ್ದೆಗೆ ಬೆಂಕಿ ಕೊಡುತ್ತಿದ್ದರು,
ಸಂಜೆ ಮಸಿ ಬಳಿದುಕೊಂಡು ಬರುತ್ತಿದ್ದ, ಕಣ್ಣಿಂದಷ್ಟೇ ಗುರುತು.
ವರ್ಷಕ್ಕೆರಡು ಸಲ ಅಂಗೈ ಸುಲಿಯುತ್ತಿತ್ತು,
ಯಾರೂ ಬಿಲ್ಲು ಕೊಡಲಿಲ್ಲ.
ಬೇಡ ಡಾಕ್ಟರ್, ನನಗೆ ಬಾದಾಮಿಯೇ ಇರಲಿ.
ಕಬ್ಬಿನ ಲೆಕ್ಕ ನಮ್ಮ ಮನೆಯಲ್ಲಿ ಚುಕ್ತಾ ಆಗಿದೆ."

"ಒಳ್ಳೆಯದೇ ಆರಿಸಿದೆ," ಡಾಕ್ಟರ್ ಅಂದರು, "ಇದು ನಿಧಾನ ಇಳಿಯುತ್ತದೆ.
ಆದರೆ ಬೆಂಕಿ ಕಾಯಿಸಿಕೊಂಡ ಮೇಲೆ ಬಾ, ಮುಂಚೆ ಅಲ್ಲ."

ಭಂಗು ಹೊತ್ತೇ ಕುಣಿದಳಂತೆ ಮದುವೆಯಲ್ಲಿ.
ಜುಲೈ ಮಳೆಯಲ್ಲಿ ಬಂದು ಕಿವಿಯ ಹಿಂದೆ ಒಂದು ತೊಟ್ಟು
ಹಚ್ಚಿಸಿಕೊಂಡು ಹೋದಳು. ವಾರ ಕಾದೆವು. ಕೆಂಪಾಗಲಿಲ್ಲ.
ಆಮೇಲೆ ಆ ಕುರ್ಚಿ, ಆ ದೀಪ.
"ಇರುವೆ, ಇರುವೆ," ಅಂದಳು ಕಣ್ಣು ಮುಚ್ಚಿ,
"ಸಾಲು ಸಾಲು ಇರುವೆ."
ಐದು ನಿಮಿಷಕ್ಕೆ ತಣ್ಣೀರು.

ಕೀಳಬೇಡ ಅಂದಿದ್ದೆ. ಒಂದು ಕಡೆ ಕಿತ್ತೇಬಿಟ್ಟಳು,
ದವಡೆಯ ಹತ್ತಿರ, ಅವರೆಬೀಜದಷ್ಟು ಜಾಗ.
ಅದೊಂದು ಇನ್ನೂ ಹಾಗೇ ಇದೆ.

ಐದು ಸಲ ಆಯಿತು. ಪೂರ್ತಿ ಹೋಯಿತೇ ಅಂದರೆ ಇಲ್ಲ;
ಬಟ್ಟೆ ತೆಳ್ಳಗಾಗಿದೆ, ಹಳೇ ಪಂಚೆಯಷ್ಟು.
ಗಾಡಿಗೆ ಈಗ ನೀಲಿ ತಾರ್ಪಾಲು ಕಟ್ಟಿಸಿದ್ದಾಳೆ.
ಅರ್ಧ ಕೆಲಸ ಆ ತಾರ್ಪಾಲಿನದೇ, ಡಾಕ್ಟರ್ ಹೇಳುತ್ತಾರೆ,
ಆದರೆ ಅದನ್ನು ನಾವು ಮಾರುವಂತಿಲ್ಲ.

ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತ
ಅವಳ ಗಾಡಿಯ ನೆರಳಲ್ಲಿ ನಿಲ್ಲುತ್ತೇನೆ.
ಅವಳು ಕತ್ತಿಯಿಂದ ಕಬ್ಬಿನ ಸಿಪ್ಪೆ ಹೆರೆಯುತ್ತಾಳೆ,
ನನ್ನ ತುಟಿ ತನ್ನಷ್ಟಕ್ಕೆ ಎಣಿಸುತ್ತದೆ:
ಇಪ್ಪತ್ತೆಂಟು, ಇಪ್ಪತ್ತೊಂಬತ್ತು.