ಎಣ್ಣೆ ಮಟ್ಟ

ಪ್ಯಾರ್ನುವಿನ ಕೊಲ್ಲಿಯಲ್ಲಿನ್ನೂ ಮಂಜುಗಡ್ಡೆ.
ಶೆಡ್ಡಿನ ಬಾಗಿಲು ಅರ್ಧ ತೆರೆದಿದ್ದೇನೆ:
ಹೊಗೆಗೊಂದು ದಾರಿ, ಚಳಿಗೂ ಅದೇ.

ಪೈನ್ ಹಲಗೆಯ ಮೇಲೆ ಬಾಗಿಸಿ ಕಟ್ಟಿದ
ಪಾರದರ್ಶಕ ಪೈಪು, ಒಳಗೆ ಕೆಂಪೆಣ್ಣೆ.
ಎಂಡೆಲ್ ಮಾಡಿದ ಅಳತೆ ಯಂತ್ರ ಇಷ್ಟೇ.
ಒಂದು ತುದಿ ಎಡ ಥ್ರಾಟಲ್ ಬಾಡಿಯಲ್ಲಿ, ಇನ್ನೊಂದು ಬಲದ್ದರಲ್ಲಿ.
ಪೆಟ್ರೋಲು ಎಣಿಸಲು ಕಂಪ್ಯೂಟರಿದೆ;
ಗಾಳಿಯ ವ್ಯಾಜ್ಯಕ್ಕೆ ಸ್ಕ್ರೂಡ್ರೈವರಿನದೇ ಪಂಚಾಯ್ತಿ.

ಎಂಜಿನ್ ಬಿಸಿಯಾಯಿತು. ಬಲಗಡೆ ಎಣ್ಣೆ ಏರತೊಡಗಿತು,
ಜಗಳದಲ್ಲಿ ಸೋಲುವವನ ದನಿಯ ಹಾಗೆ.
ತಡಮಾಡಿದರೆ ಅದನ್ನೂ ಕುಡಿದುಬಿಡುತ್ತದೆ.
ನನ್ನ ಹದಿನಾಲ್ಕರಲ್ಲಿ ಹಾಗಾಗಿ ಶೆಡ್ಡು ತುಂಬ ನೀಲಿ ಹೊಗೆ,
ಎಂಡೆಲ್ ಬೈಯಲಿಲ್ಲ, ಕೆಮ್ಮುತ್ತಲೇ ನಕ್ಕ.
ಬಲದ ಸ್ಕ್ರೂ ಕಾಲು ಸುತ್ತು ಬಿಚ್ಚಿದೆ. ಇಳಿಯಿತು.
ಹೆಚ್ಚೇ ಇಳಿಯಿತು. ಕೂದಲೆಳೆಯಷ್ಟು ಬಿಗಿ. ತಾಳು.
ಸಮ.

ಹಲಗೆಯಂಚಿಗೆ ಪೆನ್ಸಿಲ್ ಗೆರೆಗಳು, ಪಕ್ಕದಲ್ಲಿ ಇಸವಿ,
ಪ್ರತಿ ವಸಂತಕ್ಕೂ ಒಂದಿಷ್ಟು ಕೆಳಗೆ.
ಎಣ್ಣೆ ತುಂಬಿಸೋಣವೇ ಅಂದರೆ
"ಎಷ್ಟಿದೆ ಅಂತ ಯಾರು ಕೇಳಿದರು?
ಎರಡೂ ಕಡೆ ಒಂದೇ ಇದೆಯಾ ನೋಡು" ಅನ್ನುತ್ತಿದ್ದ.

ಟ್ಯಾಂಕಿನ ಮೇಲಿಟ್ಟ ಲೋಟದ ಕಾಫಿ ಈಗ ಅಷ್ಟಾಗಿ ತುಳುಕುತ್ತಿಲ್ಲ.
ಈ ವರ್ಷದ ಗೆರೆ ನಾನೇ ಎಳೆಯಬೇಕು.
ಅವನ ಜಾಕೆಟ್ಟಿನ ಕಿಸೆಯಲ್ಲಿ ಸಿಕ್ಕಿತು ಪೆನ್ಸಿಲು,
ಚೂಪಾಗಿಯೇ ಇತ್ತು,
ಹಿಂತುದಿಯಲ್ಲಿ ಹಲ್ಲಿನ ಗುರುತು.